ಕೋಟೆಯೊಳಗೆ ನೀರು ಬಂದ ಮಳೆಗಾಲ

ಬೆಳಕವಾಡಿಯ ನಮ್ಮ ಶಾಲೆಯಲ್ಲಿ ಹಳೆಯ ಭೂಪಟ, ಮುರಿದ ಕುರ್ಚಿ, ಆಟದ ಸಾಮಾನು ತುಂಬಿದ ಕೋಣೆಯೊಂದಿದೆ. ಮೊನ್ನೆ ಮೂರು ದಿನ ಬಿಡದೆ ಸುರಿದ ಮಳೆ ನಿಂತ ಮೇಲೆ ಭೂಪಟ ತರಲೆಂದು ಅದರ ಬೀಗ ತೆಗೆದೆ. ಗೋಡೆ ಬುಡದಿಂದ ಮೊಣಕಾಲೆತ್ತರದವರೆಗೆ ನೀರು ಕುಡಿದು ಕಪ್ಪಾಗಿತ್ತು. ಸುಣ್ಣ ಹಪ್ಪಳದಂತೆ ಉಬ್ಬಿ ನಿಂತಿತ್ತು. ಮುಚ್ಚಿಟ್ಟ ಕೋಣೆಯ ಆ ಒದ್ದೆ ಗಾರೆಯ ವಾಸನೆ ಒಮ್ಮೆಲೇ ಮುಖಕ್ಕೆ ಬಂತು. ಭೂಪಟದ ಸುರುಳಿ ಹಿಡಿದುಕೊಂಡೇ ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ಆಚೆಯಿಂದ ಮಕ್ಕಳು, "ಸಿಕ್ಲಿಲ್ವಾ ಮಿಸ್" ಅಂತ ಕೂಗುತ್ತಿದ್ದವು. ನಾನು ಆ ಗೋಡೆಯನ್ನೇ ನೋಡುತ್ತಿದ್ದೆ.

ಆರು ವರ್ಷದ ಹಿಂದೆ ಮದ್ದೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ನಡುಮನೆಯಲ್ಲಿ ಇದೇ ವಾಸನೆ ಇತ್ತು. ಹಿಂದಿನ ಮನೆಯ ಬಚ್ಚಲ ನೀರು ಹೇಗೋ ನೆಲದೊಳಗಿಂದ ಬಂದು ನಮ್ಮ ಗೋಡೆ ಏರುತ್ತಿತ್ತು. ಆ ಮಳೆಗಾಲ ಪೂರ್ತಿ ನಾನೂ ನಮ್ಮ ಯಜಮಾನರು ಮಹದೇವ ಅವರೂ ಆ ಗೋಡೆಯ ಪಕ್ಕ ಚಾಪೆ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಒಂದು ಕೋಟೆ ಕಟ್ಟಿದೆವು. ಗಂಡ ಹೆಂಡಿರಿಬ್ಬರೂ ಕೆಲಸದಲ್ಲಿದ್ದು, ಮೂವತ್ತು ದಾಟಿದವರು ಮಕ್ಕಳ ಹಾಗೆ ಆಟಕ್ಕೆ ಬಿದ್ದಿದ್ದೆವೆಂದರೆ ಯಾರಾದರೂ ನಕ್ಕಾರು. ಹಾಗಾಗಿ ಇದನ್ನು ಯಾರಿಗೂ ಹೇಳಿಲ್ಲ.

ಅದರ ಹಿಂದಿನ ಕಾರ್ತೀಕದಲ್ಲಿ ನನಗೆ ಹೆರಿಗೆಯಾಗಿತ್ತು. ಎಂಟು ತಿಂಗಳು ತುಂಬಿ ನಾಲ್ಕು ದಿನವಾಗಿತ್ತು. ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳಿಗೆ ಕಣ್ಣು ಮಂಜಾಯಿತು, ಅಷ್ಟೇ ಗೊತ್ತು. ಬಿ.ಪಿ. ಏರಿ ಫಿಟ್ಸ್ ಬಂದಿತ್ತಂತೆ. ಮಂಡ್ಯದ ಆಸ್ಪತ್ರೆಯಲ್ಲಿ ಕಣ್ಣುಬಿಟ್ಟದ್ದು ಮೂರನೆಯ ದಿನ. ಹೊಟ್ಟೆ ಮೇಲೆ ಕೈ ಇಟ್ಟುಕೊಂಡೆ. ಪಕ್ಕದಲ್ಲಿ ನಮ್ಮಮ್ಮ ಕೂತಿದ್ದಳು. "ಹೆಣ್ಣು ಕಣವ್ವ. ಉಳೀಲಿಲ್ಲ" ಅಂದಳು. ನಾನು ತೋರಿಸಿ ಅಂದೆ. ಆಗಲೇ ಮಣ್ಣು ಮಾಡಿ ಬಂದು ಎರಡು ದಿನವಾಗಿತ್ತು. ಹೆತ್ತವಳಿಗೆ ತೋರಿಸಬಾರದು, ತೋರಿಸಿದರೆ ಅದೇ ಕಣ್ಣಲ್ಲಿ ನಿಂತುಬಿಡುತ್ತೆ ಅಂತ ಹಿರಿಯರೆಲ್ಲ ಹೇಳಿದರಂತೆ. ಯಾರನ್ನು ದೂರಲಿ. ನಾನಾದರೂ ಎಚ್ಚರವಿದ್ದೆನೇ.

ಹೊಳಲಿನ ತವರಿನಲ್ಲಿ ಮೂರು ತಿಂಗಳಿದ್ದು ಮದ್ದೂರಿಗೆ ಬಂದೆ. ಬರುವಷ್ಟರಲ್ಲಿ ಮನೆ ಗುಡಿಸಿ ಒರೆಸಿದಂತಿತ್ತು. ಹೊಲಿಸಿಟ್ಟಿದ್ದ ಹಳೇ ಸೀರೆಯ ಬಟ್ಟೆಗಳಿಲ್ಲ, ಕಪಾಟಿನಲ್ಲಿಟ್ಟಿದ್ದ ಬೇಬಿ ಸೋಪು ಕೂಡ ಇಲ್ಲ. ಕೊಪ್ಪದಿಂದ ನಮ್ಮತ್ತೆ ಬಂದು ಎಲ್ಲ ತೆಗೆದುಕೊಂಡು ಹೋಗಿದ್ದರು. ಕೆಟ್ಟವರಲ್ಲ ಅವರು. ನಾನು ಬಂದ ಮಾರನೆಯ ದಿನ ನೋಡಲು ಬಂದು ನನ್ನ ತಲೆ ಸವರಿ, "ಮರ್ತುಬುಡು ಕಣವ್ವ. ಮುಂದುಕ್ಕೆ ಆಯ್ತದೆ" ಅಂದರು. ಅವತ್ತಿನಿಂದ ಆ ಮನೆಯಲ್ಲಿ ಮಗು ಅನ್ನುವ ಮಾತನ್ನೇ ಯಾರೂ ಆಡಲಿಲ್ಲ. ಇವರೂ ಆಡಲಿಲ್ಲ, ನಾನೂ ಆಡಲಿಲ್ಲ. ಗಂಡಾದರೆ ಒಂದು, ಹೆಣ್ಣಾದರೆ ಒಂದು ಅಂತ ನಾವಿಬ್ಬರೇ ಗುಟ್ಟಾಗಿ ಎರಡು ಹೆಸರು ಆರಿಸಿಕೊಂಡಿದ್ದೆವು. ಅವನ್ನೂ ನುಂಗಿಕೊಂಡೆವು.

ಇವರ ಕೆಲಸ ಪಟ್ಟಣದ ಕುಡಿಯುವ ನೀರಿನ ಪೈಪುಗಳ ಉಸ್ತುವಾರಿ. ಡಿಪ್ಲೊಮಾ ಓದಿದವರು. ಯಾವುದಾದರೂ ಬೀದಿಯಲ್ಲಿ ನಲ್ಲಿ ನೀರು ಸಣ್ಣಗೆ ಬರುತ್ತಿದೆ ಅಂತ ದೂರು ಬಂದರೆ ಉದ್ದನೆಯ ಕಬ್ಬಿಣದ ಸರಳು ತೆಗೆದುಕೊಂಡು ಹೊರಡುತ್ತಿದ್ದರು. ಸರಳಿನ ಒಂದು ತುದಿ ನೆಲಕ್ಕೆ ಊರಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಬೀದಿಯಲ್ಲಿ ಅಡಿ ಅಡಿಗೂ ನಿಂತು ಕೇಳುತ್ತಾರೆ. ಒಳಗೆ ಪೈಪು ಒಡೆದು ನೀರು ಸೋರುತ್ತಿದ್ದರೆ ಸುಯ್ ಅಂತ ಕೇಳಿಸುತ್ತದಂತೆ. "ಇಲ್ಲಿ ಅಗೀರಿ" ಅಂದರೆ ಅಲ್ಲೇ ಇರುತ್ತಿತ್ತು. ಮದ್ದೂರಿನ ಅರ್ಧ ಊರು ಇವರನ್ನು ಸರಳಿನ ಮಹದೇವಣ್ಣ ಅಂತಲೇ ಕರೆಯುತ್ತಿತ್ತು.

ಜೂನಿನಲ್ಲಿ ಶಾಲೆ ಶುರುವಾಗಿ ನಾನು ಕೆಲಸಕ್ಕೆ ಹೋಗತೊಡಗಿದೆ. ಸಂಜೆ ಐದಕ್ಕೆ ಮನೆಗೆ ಬಂದರೆ ಆರರ ಹೊತ್ತಿಗೆ ಇವರೂ ಬರುತ್ತಿದ್ದರು. ಕಾಫಿ ಕುಡಿದು, ಮುಖ ತೊಳೆದು, ಚಾಪೆ ಮೇಲೆ ಕೂತು ಲ್ಯಾಪ್‌ಟಾಪು ತೆಗೆಯುತ್ತಿದ್ದರು. ಆಫೀಸಿನ ಗೆಳೆಯರೊಬ್ಬರು ಹಾಕಿಕೊಟ್ಟ ಆಟ. ಮಗು ಹೋದ ಮನೆಯಲ್ಲಿ ಗಂಡಸು ಹೀಗೆ ಆಟ ಆಡಿಕೊಂಡು ಕೂರುತ್ತಾನಲ್ಲ ಅಂತ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಕೇಳಿದರೂ ಕೇಳದವರಂತೆ ಇರುತ್ತಿದ್ದರು.

ಆಷಾಢದ ಒಂದು ಸಂಜೆ. ಹೊರಗೆ ಜಡಿಮಳೆ. ನಾನು ಹುರುಳಿಕಾಳು ಆರಿಸುತ್ತ ಕೂತಿದ್ದೆ. ಇವರು ಎರಡೂ ಕೈ ತಲೆ ಮೇಲಿಟ್ಟುಕೊಂಡು, "ತಥ್, ಮತ್ತೆ ಸೋರ್ತು" ಅಂದರು.

"ಏನು ಸೋರಿದ್ದು?"

"ಕೋಟೆ ಕಣೆ. ನೆಲದೊಳಗಿಂದ ನೀರು. ಏಳ್ನೇ ಸಲ ಇದು."

ಊರಿನ ಸೋರಿಕೆಯೆಲ್ಲ ಹುಡುಕಿ ಮುಚ್ಚುವ ಮನುಷ್ಯ ಅಷ್ಟು ಸಣ್ಣ ಮುಖ ಮಾಡಿಕೊಂಡು ಹಾಗೆ ಅಂದಾಗ ನನಗೆ ನಗು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ನಕ್ಕಿದ್ದು. ನನ್ನ ನಗು ಕೇಳಿ ನನಗೇ ಗಾಬರಿಯಾಯಿತು. ಇವರು ತಿರುಗಿ ನೋಡಿದರು. ನೋಡಿ, ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟರು. ನಾನು ಕಾಳಿನ ಮೊರ ಹಿಡಿದುಕೊಂಡೇ ಹೋಗಿ ಕೂತೆ.

ಆಟ ಹೀಗಿತ್ತು. ಏಳು ಜನ ಕುಳ್ಳರು ಒಂದು ಗುಡ್ಡದ ಬುಡಕ್ಕೆ ಬಂದು ಇಳಿಯುತ್ತಾರೆ. ಅವರಿಗೆ ಎಲ್ಲಿ ಅಗೆಯಬೇಕು, ಎಲ್ಲಿ ಗೋಡೆ ಕಟ್ಟಬೇಕು, ಏನು ಬೆಳೆಯಬೇಕು ಅಂತ ನಾವು ಗುರುತು ಮಾಡಿ ತೋರಿಸಬೇಕು. ಮಾಡುವವರು ಅವರೇ. ಮೇಲಿದ್ದರೆ ಕಾಡುಮೃಗಗಳಿಗೆ, ಕಳ್ಳಕಾಕರಿಗೆ ಸಿಕ್ಕಿ ಸಾಯುತ್ತಾರೆ. ಅದಕ್ಕೆ ನೆಲದೊಳಗೆ ಅಂತಸ್ತಿನ ಕೆಳಗೆ ಅಂತಸ್ತು ಕೊರೆದು ಕೋಟೆ ಮಾಡಬೇಕು. ಮೇಲಿನ ಮಣ್ಣಿಗೂ ಕೆಳಗಿನ ಗಟ್ಟಿ ಬಂಡೆಗೂ ನಡುವೆ ಒಂದು ನೀರಿನ ಪದರ. ಅದಕ್ಕೆ ಹಾರೆ ತಾಕಿದರೆ ನಾಲ್ಕೂ ಕಡೆಯಿಂದ ನೀರು ಒಸರುತ್ತದೆ. ಅಲ್ಲಿ ಎಷ್ಟು ನೀರು ನಿಂತಿದೆ ಅಂತ ಒಂದರಿಂದ ಏಳರವರೆಗೆ ಅಂಕಿ ತೋರಿಸುತ್ತದೆ. ಒಂದು ಅಂದರೆ ಪಾದ ನೆನೆಯುವಷ್ಟು. ಏಳು ಅಂದರೆ ಸೂರಿನವರೆಗೆ.

"ಸುಮ್ನೆ ಬೇರೆ ಜಾಗದಲ್ಲಿ ಅಗೀಬೌದಲ್ಲ" ಅಂದೆ.

"ಎಲ್ಲಿ ಅಗುದ್ರೂ ಅದೇ. ಅದ ದಾಟ್ದೆ ಒಳಿಕ್ಕೆ ಇಳಿಯೋಕಾಗಲ್ಲ."

ಆಮೇಲೆ ನಾನೂ ದಿನಾ ಕೂರತೊಡಗಿದೆ. ಇವರು ಏನೇನೋ ಮಾಡಿ ನೋಡಿದರು. ಅಗೆದ ಕೂಡಲೇ ಗೋಡೆ ಕಟ್ಟಿಸಿದರು, ನೀರು ಗೋಡೆಗಿಂತ ಮುಂಚೆ ಬಂತು. ಪಂಪು ಮಾಡಿಸಿ ಎತ್ತಿಸಿದರು, ಎತ್ತುವವರು ಹಸಿದು ಊಟಕ್ಕೆ ಹೋದಾಗ ಎಲ್ಲ ತುಂಬಿಕೊಂಡಿತು. ನೀರು ಹೆಪ್ಪುಗಟ್ಟಲಿ ಅಂತ ಚಳಿಗಾಲಕ್ಕೆ ಕಾದರು, ಅದು ಮಂಜು ಕಟ್ಟುವ ಸೀಮೆಯಲ್ಲ. ಮನೆಯ ಗೋಡೆ ಬೆನ್ನಿಗೆ ತಣ್ಣಗೆ ತಾಕುತ್ತಿತ್ತು, ಹೊರಗೆ ಮಳೆ, ಪರದೆಯ ಮೇಲೂ ನೀರು. ನಾವು ಆ ನೀರಿನ ಬಗ್ಗೆ ಎಷ್ಟು ಮಾತಾಡಿದೆವೋ ಲೆಕ್ಕವಿಲ್ಲ. ಬೇರೆ ಯಾವುದರ ಬಗ್ಗೆಯೂ ಮಾತಾಡಲಾಗದವರು ಅಷ್ಟಾದರೂ ಮಾತಾಡಿದೆವು.

ಶ್ರಾವಣದ ಒಂದು ಭಾನುವಾರ ನನಗೆ ಅಪ್ಪ ನೆನಪಾದರು. ಹೊಳಲಿನ ನಮ್ಮ ಗದ್ದೆಯ ಬದುವಿನಲ್ಲಿ ಏಡಿ ಬಿಲ ಮಾಡಿದರೆ ಒಂದು ಗದ್ದೆಯ ನೀರೆಲ್ಲ ಇನ್ನೊಂದಕ್ಕೆ ಇಳಿದುಬಿಡುತ್ತಿತ್ತು. "ನಮ್ಮಪ್ಪ ಅದಕ್ಕೆ ಹಿಡಿಹಿಡಿ ಮಣ್ಣು ಹಾಕ್ತಿರಲಿಲ್ಲ ಕಣ್ರೀ. ಹಾಕಿದ್ದೆಲ್ಲ ಕರಗಿ ಹೋಗುತ್ತೆ. ಹುಲ್ಲಿನ ಬೇರು ಸಮೇತ ಒಂದು ದೊಡ್ಡ ಹೆಂಟೆ ಕಡಿದು ತಂದು ಒಂದೇ ಸಲಕ್ಕೆ ಕೂರಿಸಿ ತುಳೀತಿದ್ರು" ಅಂದೆ.

ಇವರು ಲ್ಯಾಪ್‌ಟಾಪನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ಮೇಲಿನ ಅಂತಸ್ತಿನ ಒಣ ಮಣ್ಣನ್ನು ಸುತ್ತಲೂ ಕಡಿಸಿ, ಒಂದೇ ಒಂದು ಕಂಬದ ಮೇಲೆ ನಿಲ್ಲಿಸಿದರು. ಕಂಬ ಕಿತ್ತ ಕೂಡಲೇ ಅಷ್ಟೂ ಮಣ್ಣು ಧೊಪ್ಪನೆ ಕೆಳಗಿನ ನೀರಿನ ಪದರದೊಳಕ್ಕೆ ಬಿತ್ತು. ಧೂಳು ಎದ್ದಿತು. ಧೂಳು ಇಳಿದ ಮೇಲೆ ನೋಡಿದರೆ ನೀರಿದ್ದ ಕಡೆ ಒಣ ಮಣ್ಣಿನ ಬಿರಡೆ ಕೂತಿತ್ತು. ಅದರ ನಟ್ಟನಡುವೆ ಮೆಟ್ಟಿಲು ಕೊರೆಸಿದರು. ಒಂದು ಅಂತಸ್ತು, ಇನ್ನೊಂದು, ಮತ್ತೊಂದು. ಬಂಡೆ ಸಿಕ್ಕಿತು. ಒಣ ಬಂಡೆ.

"ದಾಟ್ಬುಟ್ವಿ ಕಣೆ ಸವಿತಾ" ಅಂದರು. ನನ್ನ ಕೈ ಹಿಡಿದುಕೊಂಡರು. ಹೆರಿಗೆಯಾದ ಮೇಲೆ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಅವತ್ತು ಅವರೇ ಹೋಗಿ ಕಾಫಿ ಮಾಡಿ ತಂದರು. ಸಕ್ಕರೆ ಹೆಚ್ಚಾಗಿತ್ತು, ಕುಡಿದೆ.

ಅಲ್ಲಿಂದ ಮುಂದೆ ಕೋಟೆ ಬೆಳೆಯಿತು. ಊಟದ ದೊಡ್ಡ ಚಾವಡಿ ಆಯಿತು, ಕಮ್ಮಾರಸಾಲೆ ಆಯಿತು, ಹೊಸ ಜನ ಬಂದರು, ಮದುವೆ ಆದರು, ಮಕ್ಕಳಾದವು. ಆಟದೊಳಗೆ ವರ್ಷಗಳು ಬೇಗ ಉರುಳುತ್ತವೆ. ನಮ್ಮ ಮೂರು ದಿನ ಅವರಿಗೆ ಒಂದು ವರ್ಷ. ಆದರೆ ಒಂದು ವಿಷಯ ನನ್ನ ಕಣ್ಣಿಗೆ ಬಿತ್ತು. ಕೋಟೆಯ ಜನರ ಪಟ್ಟಿ ಇರುವ ಪುಟವನ್ನು ಇವರು ತೆಗೆದು ನೋಡುತ್ತ ಕೂತಿದ್ದಾಗ ನಾನು ಹತ್ತಿರ ಬಂದರೆ ಬೇಗನೆ ಮುಚ್ಚುತ್ತಿದ್ದರು. ಏನೋ ಆಟದ ಲೆಕ್ಕಾಚಾರ ಅಂದುಕೊಂಡೆ.

ಭಾದ್ರಪದ ಬಂತು. ಗೌರಿ ಹಬ್ಬಕ್ಕೆ ಇನ್ನು ಎರಡು ದಿನ. ಶಾಲೆಗೆ ರಜೆ ಇತ್ತು. ಪೇಟೆ ಬೀದಿಯಲ್ಲಿ ದೊಡ್ಡ ಪೈಪು ಒಡೆಯಿತೆಂದು ಫೋನು ಬಂದು ಇವರು ಬೆಳಿಗ್ಗೆಯೇ ಹೋಗಿದ್ದರು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನಾನು ಲ್ಯಾಪ್‌ಟಾಪು ತೆಗೆದೆ. ಒಬ್ಬಳೇ ಆಡುವುದು ಅದೇ ಮೊದಲು. ಸುಮ್ಮನೆ ಕುಳ್ಳರು ಓಡಾಡುವುದನ್ನು ನೋಡಿದೆ. ಆಮೇಲೆ ಆ ಪಟ್ಟಿ ತೆಗೆದೆ.

ಆಟದ ಬರಹವೆಲ್ಲ ಇಂಗ್ಲಿಷು. ಜನರ ಹೆಸರುಗಳೋ ಬಾಯಿಗೆ ಹಿಡಿಯದಂಥವು. ಅವುಗಳ ನಡುವೆ ಒಂದು ಹೆಸರು ಇಂಪನ ಅಂತ ಇತ್ತು.

ಹೆಣ್ಣಾದರೆ ಇಡೋಣ ಅಂತ ನಾವು ಆರಿಸಿದ್ದ ಹೆಸರು. ನಾನು ಒಂದು ಸಲವೂ ಬಾಯಿಬಿಟ್ಟು ಹೇಳದ ಹೆಸರು. ಮೊದಲು ಬಂದದ್ದು ಸಿಟ್ಟೇ. ನನ್ನ ಮಗಳ ಹೆಸರನ್ನು ತೆಗೆದು ಒಂದು ಗೊಂಬೆಗೆ ಇಟ್ಟಿದ್ದಾರಲ್ಲ ಅನ್ನಿಸಿತು. ಆ ಹೆಸರಿನ ಮೇಲೆ ಒತ್ತಿದೆ. ಆ ಆಟದಲ್ಲಿ ಒಬ್ಬೊಬ್ಬರು ನೋಡಲು ಹೇಗಿದ್ದಾರೆ ಅಂತ ನಾಲ್ಕು ಸಾಲು ಬರೆದಿರುತ್ತದೆ. ಹುಟ್ಟುವಾಗಲೇ ಆಟ ತಾನಾಗಿ ಬರೆಯುವಂಥದ್ದು, ನಾವು ತಿದ್ದುವ ಹಾಗಿಲ್ಲ. ಓದಿದೆ. ಅವಳಿಗೆ ನಾಲ್ಕು ವರ್ಷ. ಕೂದಲು ಕಪ್ಪು, ಗುಂಗುರು. ಕಿವಿ ತುಂಬ ಚಿಕ್ಕವು. ಗದ್ದ ಕಿರಿದು, ನಡುವೆ ಸಣ್ಣ ಗುಳಿ. ಮೈಬಣ್ಣ ಎಣ್ಣೆಗಪ್ಪು.

ಗದ್ದದ ಗುಳಿ ನಮ್ಮಮ್ಮನದು. ಗುಂಗುರು ಕೂದಲು ಇವರ ಕಡೆಯದು, ನಮ್ಮತ್ತೆಗೂ ಇದೆ.

ಸಿಟ್ಟು ಎಲ್ಲಿ ಹೋಯಿತೋ. ಅದನ್ನೇ ಎಷ್ಟು ಸಲ ಓದಿದೆನೋ. ಆಮೇಲೆ ಅವಳನ್ನು ಹುಡುಕಿದೆ. ಮೂರನೆಯ ಅಂತಸ್ತಿನಲ್ಲಿ, ಊಟದ ಚಾವಡಿಯ ಮೂಲೆಯಲ್ಲಿ ಓಡಾಡುತ್ತಿದ್ದಳು. ಅವಳಿಗೆ ಮಲಗಲು ಕೋಣೆ ಇರಲಿಲ್ಲ. ದೊಡ್ಡವರಿಗೆಲ್ಲ ಒಂದೊಂದು ಕೋಣೆ ಕೊರೆಸಿದ್ದರು, ಮಕ್ಕಳು ಎಲ್ಲಿ ನಿದ್ದೆ ಬಂದರೆ ಅಲ್ಲೇ ನೆಲದ ಮೇಲೆ ಮಲಗುತ್ತಿದ್ದವು. ಇವಳಿಗೊಂದು ಕೋಣೆ ಮಾಡಿಕೊಡಬೇಕು ಅನ್ನಿಸಿತು. ಆಗ ಆಡುತ್ತಿದ್ದೇನೆ ಅಂತ ನನಗೆ ಅನ್ನಿಸಲೇ ಇಲ್ಲ.

ಚಾವಡಿಯ ಪಕ್ಕದ ಗೋಡೆಯಲ್ಲಿ ಚಿಕ್ಕ ಕೋಣೆಗೆ ಗುರುತು ಹಾಕಿದೆ. ಇಬ್ಬರು ಹಾರೆ ತೆಗೆದುಕೊಂಡು ಬಂದರು. ಸ್ವಲ್ಪ ಅಗೆದು ನಿಂತುಬಿಟ್ಟರು. ಮೇಲೆ ಒಂದು ಸಾಲು ಬಂತು, ಒದ್ದೆ ಕಲ್ಲು ಸಿಕ್ಕಿದೆ, ಕೆಲಸ ನಿಲ್ಲಿಸಲಾಗಿದೆ ಅಂತ. ನಮ್ಮ ಯಜಮಾನರಾದರೆ ಅದನ್ನು ನೋಡಿದ ಕೂಡಲೇ ಕೈ ಹಿಂದೆ ತೆಗೆಯುತ್ತಿದ್ದರು. ನನಗೂ ಗೊತ್ತಿತ್ತು, ಆದರೆ ಅವತ್ತು ಅದು ತಲೆಗೆ ಹೋಗಲಿಲ್ಲ. ಗುರುತು ಅಳಿಸಿಹೋಯಿತೇನೋ ಅಂದುಕೊಂಡು ಮತ್ತೆ ಹಾಕಿದೆ. ಮತ್ತೆ ಹೇಳಿದರೆ ಆ ಬಡಪಾಯಿಗಳು ಮಾಡಿಯೇಬಿಡುತ್ತಾರೆ. ಅಗೆದರು.

ಮೂರನೆಯ ಅಂತಸ್ತು ಆ ಮಣ್ಣಿನ ಬಿರಡೆಯ ಮಟ್ಟದಲ್ಲಿತ್ತು. ಬಿರಡೆಯ ಆಚೆಗೆ ನೀರು ಅಷ್ಟೂ ದಿನ ಹಾಗೇ ನಿಂತು ಕಾದಿತ್ತು. ಕೋಣೆಗೆ ಗುರುತು ಹಾಕಿದ ಜಾಗದಿಂದ ಒಳಗೆ ನುಗ್ಗಿತು. ಚಾವಡಿಯ ನೆಲದ ತುಂಬ ಒಂದು ಅಂತ ತೋರಿಸಿತು. ಆಮೇಲೆ ಎರಡು. ಮಕ್ಕಳು ಮೆಟ್ಟಿಲ ಕಡೆ ಓಡಿದವು. ಇಂಪನ ಓಡಲಿಲ್ಲ. ಮೂಲೆಯಲ್ಲಿ ಮಲಗಿಬಿಟ್ಟಿದ್ದಳು. ಎದ್ದೇಳು ಎದ್ದೇಳು ಅಂತ ನಾನು ಬಾಯಲ್ಲಿ ಹೇಳುತ್ತಿದ್ದೆ. ಆಟ ನಿಲ್ಲಿಸುವ ಗುಂಡಿ ಯಾವುದೆಂದು ಕೈಗೆ ಸಿಗಲಿಲ್ಲ. ಏನೇನೋ ಒತ್ತಿದೆ. ನಾಲ್ಕು. ಐದು. ಅವಳು ಎದ್ದು ಒಂದು ಹೆಜ್ಜೆ ಈಚೆ ಬಂದಳು. ಏಳು ಆಯಿತು. ಸ್ವಲ್ಪ ಹೊತ್ತಿಗೆ ಮೇಲೆ ಕೆಂಪು ಅಕ್ಷರದಲ್ಲಿ ಅವಳ ಹೆಸರು ಬಂತು, ನೀರಿನಲ್ಲಿ ಮುಳುಗಿ ತೀರಿಕೊಂಡಳು ಅಂತ.

ಇವರು ನಾಲ್ಕು ಗಂಟೆಗೆ ಬಂದರು. ಪ್ಯಾಂಟೆಲ್ಲ ಕೆಸರು. ನಾನು ಚಾಪೆ ಮೇಲೆ ಹಾಗೇ ಕೂತಿದ್ದೆ. ನನ್ನ ಮುಖ ನೋಡಿದರು, ಪರದೆ ನೋಡಿದರು. ಗೊತ್ತಾಯಿತು.

"ನಾನೇ ಮುಳುಗಿಸಿದೆ" ಅಂದೆ. "ಅವಳಿಗೆ ಕೋಣೆ ಮಾಡೋಕೆ ಹೋದೆ."

ಇವರು ಬಾಗಿಲಲ್ಲೇ ನಿಂತು, ತುಂಬ ಮೆತ್ತಗೆ, "ನಿನ್ನೆವರ್ಗಿನ ಆಟ ಉಳಿಸಿಟ್ಟಿದ್ದು ಅದೆ ಸವಿತಾ. ಅದ ತೆಗೆದ್ರೆ ಎಲ್ಲಾ ಮೊದಲಿನಂಗೆ ಇರ್ತದೆ. ಅವಳೂ ಇರ್ತಾಳೆ. ತೆಗೀಲಾ?" ಅಂದರು.

"ಅವಳು ನೋಡೋಕೆ ಹಿಂಗಿದ್ಳಾ?" ಅಂದೆ.

ಇವರಿಗೆ ತಕ್ಷಣ ಅರ್ಥವಾಯಿತು, ಯಾವ ಅವಳು ಅಂತ. ಕೆಸರಿನ ಬಟ್ಟೆಯಲ್ಲೇ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತರು. ಆಮೇಲೆ ಹೇಳತೊಡಗಿದರು. ನನ್ನ ಕಡೆ ನೋಡದೆ, ಎದುರಿನ ಗೋಡೆ ನೋಡಿಕೊಂಡು.

"ನರ್ಸಮ್ಮ ಹಸಿರು ಬಟ್ಟೇಲಿ ಸುತ್ತಿ ಕೊಟ್ರು. ಇನ್ನೂ ಬಿಸಿ ಇತ್ತು ಮೈ. ನಿದ್ದೆ ಮಾಡ್ತಾ ಅದೆ ಅನ್ಕಂಡೆ ಕಣೆ. ಕೂದ್ಲು ಒದ್ದೆ, ಗುಂಗ್ರು ಗುಂಗ್ರು, ಹಣೆಗೆಲ್ಲ ಅಂಟ್ಕಂಡಿತ್ತು. ಕಿವಿ ಇಷ್ಟೇ ಇಷ್ಟು. ಗದ್ದದಲ್ಲಿ ಗುಳಿ, ನಿಮ್ಮಮ್ಮಂಗೆ ಇದ್ದಂಗೆ. ಉಗುರು ಬೆಳೆದಿದ್ವು. ಅಷ್ಟು ಚಿಕ್ಕ ಬೆರಳಿಗೆ ಉಗುರು ಬೆಳೆದಿದ್ವು."

ನಾನು ಚಾಪೆಯಿಂದ ಇವರ ಹತ್ತಿರಕ್ಕೆ ಸರಿದೆ.

"ನಿನ್ನ ಪಕ್ಕದಲ್ಲಿ ಒಂದ್ ಗಳಿಗೆ ಮಲಗಿಸ್ತೀನಿ ಅಂದೆ. ನೀನು ಐಸಿಯುನಲ್ಲಿದ್ದೆ, ಬುಡ್ಲಿಲ್ಲ. ನಮ್ಮ ಸೋದರಮಾವನ ಕಾರಲ್ಲಿ ಮಂಡ್ಯದಿಂದ ಕೊಪ್ಪದವರೆಗೂ ತೊಡೆ ಮೇಲೆ ಇಟ್ಕಂಡೇ ಬಂದೆ. ಯಾರ ಕೈಗೂ ಕೊಡ್ಲಿಲ್ಲ. ದಾರೀಲಿ ಹೆಸರಿಟ್ಟು ಕರೆದೆ. ಮಾವಂಗೆ ಕೇಳಿಸ್ದಂಗೆ, ಕಿವಿ ಹತ್ರ."

"ನಂಗ್ಯಾಕೆ ಹೇಳಲಿಲ್ಲ?"

"ಎಂಗೆ ಏಳ್ಲಿ. ಎಲ್ಲಾರೂ ನಿಂಗೆ ನೆನಪು ಮಾಡ್ಬ್ಯಾಡ ಅಂದ್ರು. ನಂಗೋ ಮರ್ತೋಯ್ತದೆ ಅಂತ ಭಯ. ದಿನಾ ಒಂಚೂರು ಒಂಚೂರು ಮಾಸ್ತಾ ಇತ್ತು ಮುಖ. ಫೋಟೋ ಇಲ್ಲ, ಏನಿಲ್ಲ. ಈ ಆಟದಲ್ಲಿ ಮಕ್ಕಳು ಹುಟ್ಟಿದಾಗೆಲ್ಲ ಅದು ಎಂಗದೆ ಅಂತ ಓದ್ತಿದ್ದೆ. ಮೂವತ್ತು ಮಕ್ಕಳು ಹುಟ್ಟಿರ್ಬೌದು. ಒಂದಕ್ಕೂ ಗುಂಗ್ರು ಕೂದ್ಲು, ಗದ್ದದ ಗುಳಿ ಎರಡೂ ಇರಲಿಲ್ಲ. ಇದೊಂದು ಹುಟ್ತು. ಅವತ್ತೇ ಹೆಸರಿಟ್ಟೆ."

ಒಂದು ಜೀವಮಾನಕ್ಕೆ ಸಾಲುವಷ್ಟನ್ನು ಅವತ್ತು ಕೇಳಿಸಿಕೊಂಡೆ. ಎದೆ ಒಡೆದು ಅತ್ತೆವು. ಇವರು ಅಳುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಇವರು ಕೈ ಚಾಚಿ ಲ್ಯಾಪ್‌ಟಾಪು ಮುಚ್ಚಿದರು. ಉಳಿಸಿಟ್ಟಿದ್ದನ್ನು ತೆಗೆಯಿರಿ ಅಂತ ನಾನೂ ಹೇಳಲಿಲ್ಲ, ಅವರೂ ತೆಗೆಯಲಿಲ್ಲ.

"ಎಲ್ಲಿ ಇಟ್ರಿ ಅವಳನ್ನ? ನನ್ನ ಕರ್ಕೊಂಡ್ ಹೋಗಿ" ಅಂದೆ.

ಮಾರನೆಯ ಬೆಳಿಗ್ಗೆ ಗಾಡಿ ಮೇಲೆ ಕೊಪ್ಪಕ್ಕೆ ಹೋದೆವು. ನಾಳೆ ಗೌರಿ ಹಬ್ಬ, ನಮ್ಮತ್ತೆ ಅಂಗಳ ಸಾರಿಸುತ್ತಿದ್ದರು. ಹಬ್ಬಕ್ಕೆ ಬಂದೆವು ಅಂದುಕೊಂಡು ಮುಖ ಅರಳಿಸಿದವರು, ಎಲ್ಲಿಗೆ ಹೊರಟಿದ್ದೇವೆ ಅಂತ ಗೊತ್ತಾದ ಕೂಡಲೇ ಕೈಲಿದ್ದ ಬಕೆಟ್ಟು ಕೆಳಗಿಟ್ಟರು.

"ಬ್ಯಾಡ ಕಣವ್ವ. ಮುಂದೆ ಬಸುರಾಗಬೇಕಾದೋಳು ಅಲ್ಲಿಗೆಲ್ಲ ಓಗ್ಬಾರ್ದು."

"ಹೋಗ್ಬೇಕು ಅತ್ತೆ."

"ಏಳ್ದಂಗೆ ಕೇಳು ಮಗಾ. ನಾನೂ ಎತ್ತೋಳೇ ಕಣವ್ವ."

"ನೀವು ಹೆತ್ತ ಮಕ್ಕಳ ಮುಖ ನೋಡಿದ್ದೀರಿ ಅತ್ತೆ" ಅಂದೆ. ಅವರು ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗೆ ಹೋದವರು ಒಂದು ಹಿಡಿ ಕನಕಾಂಬರ ತಂದು ನನ್ನ ಕೈಗೆ ಹಾಕಿದರು.

ಊರಾಚೆ ಗದ್ದೆ ಬಯಲು ದಾಟಿದರೆ ನಾಲೆ. ಅದರ ಏರಿಯ ಮೇಲೆ ಇಟ್ಟಿದ್ದರಂತೆ. ತಲೆ ಕಡೆ ಒಂದು ಕಲ್ಲು ನಿಲ್ಲಿಸಿ, ಕಾಲ ಕಡೆ ಹೊಂಗೆಯ ಕಡ್ಡಿ ನೆಟ್ಟಿದ್ದರಂತೆ. ಏರಿ ಹತ್ತಿದ ಇವರು ಅಲ್ಲೇ ನಿಂತುಬಿಟ್ಟರು. ನಾಲೆಯ ಎರಡೂ ಮಗ್ಗುಲಿಗೆ ಹೊಸ ಕಾಂಕ್ರೀಟು. ಬೇಸಿಗೆಯಲ್ಲಿ ನೀರು ನಿಲ್ಲಿಸಿದ್ದಾಗ ಯಂತ್ರ ತಂದು ಏರಿಯ ಮಣ್ಣೆಲ್ಲ ಕೆರೆದು, ಮಟ್ಟ ಮಾಡಿ, ಕಾಂಕ್ರೀಟು ಹಾಸಿದ್ದರು. ಕಲ್ಲಿಲ್ಲ, ಕಡ್ಡಿಯಿಲ್ಲ. ನೆಟ್ಟಗೆ, ನುಣ್ಣಗೆ, ಕಣ್ಣು ಹೋದಷ್ಟು ದೂರ ಒಂದೇ ಥರ.

"ಇಲ್ಲೇ ಎಲ್ಲೋ" ಅಂದರು. ಮೋರಿಯಿಂದ ಹೆಜ್ಜೆ ಎಣಿಸಿಕೊಂಡು ಬಂದರು. ನಿಂತರು. ಮತ್ತೆ ಹೋಗಿ ಎಣಿಸಿದರು. ಎರಡನೆಯ ಸಲ ಬೇರೆ ಕಡೆ ಬಂದು ನಿಂತರು. ಮೂರನೆಯ ಸಲ ಹೊರಟವರು ಏರಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಎರಡೂ ಅಂಗೈಯನ್ನು ನೆಲಕ್ಕೆ ಊರಿದರು. "ಗೊತ್ತಾಯ್ತಿಲ್ಲ ಕಣೆ" ಅಂದರು. "ನಂಗೆ ಗೊತ್ತಾಯ್ತಿಲ್ಲ."

ಆಚೆ ಬದುವಿನಲ್ಲಿ ಹುಲ್ಲು ಕುಯ್ಯುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ನೋಡುತ್ತಿದ್ದರು. ಕುಡುಗೋಲು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಲ್ಲಗೆ ಏರಿ ಹತ್ತಿ ಬಂದರು. ಎಪ್ಪತ್ತು ದಾಟಿರಬೇಕು.

"ಏನ್ ಉಡುಕ್ತಿದ್ದೀರವ್ವ?"

ಹೇಳಲೋ ಬೇಡವೋ ಅಂದುಕೊಂಡೆ. ಹೇಳಿದೆ. ಅಜ್ಜಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಈ ಏರಿ ಉದ್ದಕ್ಕೂ ಅವೆ ಕಣವ್ವ. ಯಾರ್ಯಾರವೋ. ನಂದೂ ಒಂದದೆ, ಆ ಮೋರಿ ತಾವು. ಗಂಡು."

"ನೋಡಿದ್ರಾ ಅಜ್ಜಿ ನೀವು?"

"ಇಲ್ಲ ಕಣವ್ವ, ನಂಗೂ ತೋರುಸ್ನಿಲ್ಲ. ನಮ್ಮತ್ತೆ ಮೊರದಲ್ಲಿ ಮುಚ್ಕಂಡು ತಕ್ಕಂಡೋಯ್ತು. ಕದದ ಸಂದೀಲಿ ಮೊರ ಕಾಣ್ತು, ಅಷ್ಟೇಯ." ಸ್ವಲ್ಪ ಹೊತ್ತು ನೀರು ನೋಡುತ್ತ ನಿಂತರು. "ನಿಂದು ಎಂಗಿತ್ತವ್ವ?"

ಯಾರೂ ಅದುವರೆಗೆ ನನ್ನನ್ನು ಕೇಳಿರಲಿಲ್ಲ. ನಾನು ಬಾಯಿ ತೆಗೆದೆ. "ಗುಂಗುರು ಕೂದಲು ಅಜ್ಜಿ. ಕಿವಿ ಚಿಕ್ಕವು. ಗದ್ದದಲ್ಲಿ ಗುಳಿ ಇತ್ತು, ನಮ್ಮಮ್ಮನ ಥರ. ಉಗುರು ಬೆಳೆದಿದ್ವು. ಇಂಪನ ಅಂತ ಹೆಸರು." ನಾನೇ ಕಣ್ಣಾರೆ ನೋಡಿದವಳ ಹಾಗೆ ಹೇಳಿದೆ.

"ಪುಣ್ಯವಂತೆ ಕಣವ್ವ ನೀನು" ಅಂದರು ಅಜ್ಜಿ. "ಅಷ್ಟಾರ ಗೊತ್ತಲ್ಲ."

ಕೈಯಲ್ಲಿದ್ದ ಹೂವನ್ನು ಎಲ್ಲಿ ಇಡಬೇಕೆಂದು ನನಗೆ ತಿಳಿಯಲಿಲ್ಲ. ಇವರ ಅಂಗೈ ಊರಿದ್ದ ಕಡೆ ಸ್ವಲ್ಪ ಇಟ್ಟೆ. ಉಳಿದದ್ದನ್ನು ಅಜ್ಜಿಗೆ ಕೊಟ್ಟೆ. ಅವರು ಮೋರಿಯ ಹತ್ತಿರ ಹೋಗಿ ಇಟ್ಟು ಬಂದರು. ಬಂದು, ಹುಲ್ಲಿನ ಹೊರೆ ಕಟ್ಟುತ್ತ, "ಇದ್ದಿದ್ರೆ ಅವುಂಗೆ ಈ ಸಂಕ್ರಾಂತಿಗೆ ನಲ್ವತ್ತೆಂಟಾಗದು. ಇಷ್ಟೊತ್ಗೆ ಮೊಮ್ಮಕ್ಳ ಕಾಣೋ ವಯ್ಸು" ಅಂದರು.

"ಈಗಲೂ ಎಣಿಸ್ತೀರಾ ಅಜ್ಜಿ?"

"ಎಣಿಸ್ದೆ? ಎತ್ತೋಳು ಲೆಕ್ಕ ಬುಟ್ಟುಟ್ರೆ ಇನ್ಯಾರು ಮಡೀಕತ್ತಾರೆ."

ಹೊರೆ ಎತ್ತಿ ತಲೆ ಮೇಲಿಡಲು ಇವರು ಕೈ ಕೊಟ್ಟರು. ಅಜ್ಜಿ ಏರಿಯ ಮೇಲೆ ಮೋರಿ ದಾಟಿ ಹೋದರು.

ಆಮೇಲೆ ನಮಗೆ ಮಕ್ಕಳಾಗಲಿಲ್ಲ. ಇನ್ನೊಂದು ಬಸಿರು ನನ್ನ ಜೀವಕ್ಕೇ ಅಪಾಯ ಅಂದರು ಡಾಕ್ಟರು. ಇವರು ಅವತ್ತೇ ಸಾಕು ಅಂದುಬಿಟ್ಟರು. ನಮ್ಮತ್ತೆ ಒಂದು ವರ್ಷ ಮುನಿಸಿಕೊಂಡಿದ್ದರು, ಆಮೇಲೆ ಸರಿಹೋದರು. ಮದ್ದೂರಿನ ಮನೆ ಬಿಟ್ಟು ಮಳವಳ್ಳಿಗೆ ಬಂದೆವು. ಇವರು ಆ ಆಟವನ್ನು ಮತ್ತೆ ಮುಟ್ಟಲಿಲ್ಲ. ಸರಳು ಹಿಡಿದು ಬೀದಿ ಬೀದಿ ಕೇಳುವ ಕೆಲಸ ಈಗಲೂ ಇದೆ. ಕೆಲವೊಮ್ಮೆ ಊಟ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ, "ಅವಳ ಕೂದ್ಲು ಹಣೆಗೆ ಅಂಟ್ಕಂಡಿತ್ತು ಅಂದಿದ್ನಲ್ಲ, ಬಲಗಡೆ ಹಣೆಗೆ ಕಣೆ" ಅಂತ ಹೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಅವರು ಮರೆತರೆ ನನಗಿರಲಿ ಅಂತ ಕೇಳಿಸಿಕೊಳ್ಳುತ್ತೇನೆ.

ಬರುವ ಕಾರ್ತೀಕಕ್ಕೆ ಅವಳಿಗೆ ಏಳು ತುಂಬುತ್ತದೆ.